ಮಲೆನಾಡಿನ ಖಾಲಿ ಮನೆಗಳು ಮತ್ತು ವಿಶ್ವೇಶ್ವರಯ್ಯ: ಒಂದು ಗಣಿತ ಪಾಠದ ಸುತ್ತ

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಕಲ್ಯಾಣ ನಗರದ ಒಂದು ಶಾಲೆ. ಒಂಬತ್ತನೇ ತರಗತಿ, ಗಣಿತ, ಘಟಕ ಸಂಖ್ಯಾಶಾಸ್ತ್ರ. ಮೊದಲ ದಿನ ಶಾಲೆ ತೋರಿಸುವಾಗ ಮೇಲಿನ ಮಹಡಿಯ ಒಂದು ಕೋಣೆಗೆ ಬೀಗ ಹಾಕಿತ್ತು. ಕಿಟಕಿಯಿಂದ ಇಣುಕಿದರೆ ಒಂದರ ಮೇಲೊಂದು ಪೇರಿಸಿದ ಬೆಂಚುಗಳು. ಕೆಲವು ವರ್ಷಗಳ ಹಿಂದೆ ಅಲ್ಲಿ ‘ಬಿ’ ವಿಭಾಗ ನಡೆಯುತ್ತಿತ್ತೆಂದೂ ಈಗ ಒಂದೇ ವಿಭಾಗಕ್ಕೆ ಮಕ್ಕಳು ಸಾಕಾಗುತ್ತಾರೆಂದೂ ಮುಖ್ಯ ಶಿಕ್ಷಕಿಯವರು ಹೇಳಿದರು. ಶಾಲೆಯ ದಾಖಲಾತಿ ಇಳಿಯಲು ಕಾರಣ ಹಲವು ಇರುತ್ತವೆ. ಪಕ್ಕದ ರಸ್ತೆಯಲ್ಲೊಂದು ಹೊಸ ಶಾಲೆ ಬಂದಿರಬಹುದು, ಬಾಡಿಗೆ ಏರಿ ಸಂಸಾರಗಳು ಬಾಬುಸಾಪಾಳ್ಯ ದಾಟಿ ಹೋಗಿರಬಹುದು. ಆದರೂ ಆ ಬೀಗ ನನ್ನ ತಲೆಯಲ್ಲಿ ಉಳಿಯಿತು. ನಾಳೆ ನಾನು ಕೆಲಸ ಹುಡುಕಬೇಕಾದದ್ದು ಇಂಥ ಶಾಲೆಗಳಲ್ಲೇ ಅಲ್ಲವೇ?

ದತ್ತಾಂಶ ಸಂಗ್ರಹದ ಪಾಠಕ್ಕೆ ನಾನು ಒಂದು ಚಟುವಟಿಕೆ ಯೋಜಿಸಿದ್ದೆ. ಪ್ರತಿ ಮಗುವೂ ಮನೆಯಲ್ಲಿ ಕೇಳಿ ಮೂರು ಸಂಖ್ಯೆ ಬರೆದು ತರಬೇಕು: ಅಜ್ಜಿಯ ಒಡಹುಟ್ಟಿದವರು ಎಷ್ಟು, ಅಮ್ಮನ ಒಡಹುಟ್ಟಿದವರು ಎಷ್ಟು, ತನ್ನ ಒಡಹುಟ್ಟಿದವರು ಎಷ್ಟು. ಹಲಗೆಯ ಮೇಲೆ ತಾಳೆ ಗುರುತು ಹಾಕುತ್ತಾ ಹೋದಂತೆ ಅಜ್ಜಿಯ ಸಾಲು ಆರು, ಏಳು, ಎಂಟರ ಕಡೆಗೆ ಓಡಿತು. ಅಮ್ಮನ ಸಾಲು ಎರಡು ಮೂರರ ಬಳಿ ನಿಂತಿತು. ಮಕ್ಕಳ ಸಾಲು ಒಂದು ಮತ್ತು ಸೊನ್ನೆಯ ಮೇಲೆ ಗುಡ್ಡೆಯಾಯಿತು. ಮೂರು ಸ್ತಂಭಾಲೇಖ, ಮೂರು ತಲೆಮಾರು. ಪಾಠ ಯೋಜನೆಯ ದೃಷ್ಟಿಯಿಂದ ಇದಕ್ಕಿಂತ ಚೆನ್ನಾಗಿ ಬರಲು ಸಾಧ್ಯವಿರಲಿಲ್ಲ.

ಆದರೆ ಹಿಂದಿನ ಬೆಂಚಿನ ಒಬ್ಬ ಹುಡುಗ ಚೀಟಿ ಕೊಡಲಿಲ್ಲ. ಬಿಹಾರದಿಂದ ಬಂದ ಸಂಸಾರ. ನಾನು ಒತ್ತಾಯಿಸಿದ ಮೇಲೆ ತನ್ನ ಒಡಹುಟ್ಟಿದವರು ಐದು ಜನ ಎಂದ. ತರಗತಿ ನಕ್ಕಿತು. ಅವನು ತಲೆ ತಗ್ಗಿಸಿದ. ಹೆಸರಿಲ್ಲದ ಚೀಟಿ ಪಡೆದಿದ್ದರೆ ಮುಗಿಯುತ್ತಿತ್ತು; ಅಷ್ಟು ಸರಳ ವಿಷಯ ನನಗೆ ಹೊಳೆಯಲಿಲ್ಲ. ಅದೇ ಗದ್ದಲದಲ್ಲಿ ಮುಂದಿನ ಸಾಲಿನ ಹುಡುಗಿ ಎದ್ದು, ಹೀಗೇ ಇಳಿದರೆ ಮುಂದೆ ಯಾರೂ ಇರುವುದಿಲ್ಲವೇ, ಸರ್ಕಾರ ಏನಾದರೂ ಮಾಡಲು ಆಗುವುದಿಲ್ಲವೇ ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಮರುದಿನ ಹೇಳುತ್ತೇನೆಂದೆ.

ಅದು ಸೆಪ್ಟೆಂಬರ್ ಎರಡನೇ ವಾರ. ಇಂಜಿನಿಯರುಗಳ ದಿನದಂದು ಪ್ರಾರ್ಥನಾ ಸಭೆಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಹತ್ತು ನಿಮಿಷ ಮಾತಾಡುವ ಕೆಲಸವೂ ನನ್ನ ಪಾಲಿಗೇ ಬಂದಿತ್ತು. ಅದಕ್ಕಾಗಿ ಓದುತ್ತಾ ಕುಳಿತಾಗ ಆ ಹುಡುಗಿಯ ಪ್ರಶ್ನೆ ಅವರ ಬದುಕಿನಲ್ಲೇ ಸಿಕ್ಕಿತು. ಅಣೆಕಟ್ಟು ಕಟ್ಟಿದವರೆಂದಷ್ಟೇ ನಾವು ಹೇಳಿಕೊಡುವ ಈ ಮನುಷ್ಯ, ಜನ ಕಡಿಮೆಯಾಗುತ್ತಿದ್ದ ನಾಡಿನ ಒಂದು ಭಾಗಕ್ಕೆ ಸರ್ಕಾರದ ಹಣ ಹಾಕಿ ಏನು ಮಾಡಬಹುದೆಂದು ನೂರು ವರ್ಷಗಳ ಹಿಂದೆಯೇ ಪ್ರಯತ್ನಿಸಿದ್ದರು. ಆದ್ದರಿಂದ ಅವರ ಜೀವನವನ್ನು ಆ ಕಡೆಯಿಂದ ಹೇಳುತ್ತೇನೆ.

ಅವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ, ಸೆಪ್ಟೆಂಬರ್ 15ರಂದು. ವರ್ಷ 1861 ಎಂದು ಹಲವು ಪುಸ್ತಕಗಳಲ್ಲಿದೆ; ಆದರೆ ಅವರು ಬದುಕಿದ್ದಾಗಲೇ ಜನ್ಮಶತಾಬ್ದಿ ನಡೆದದ್ದು, ಅಂಚೆ ಚೀಟಿ ಬಂದದ್ದು 1960ರಲ್ಲಿ. ಹಾಗಾಗಿ ನಾನು 1860 ಎಂದೇ ಬರೆಯುತ್ತೇನೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಬಲ್ಲವರು, ತಾಯಿ ವೆಂಕಟಲಕ್ಷ್ಮಮ್ಮ. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಬೆಂಗಳೂರಿಗೆ ಬಂದು ಸೋದರಮಾವನ ಆಸರೆಯಲ್ಲಿ ವೆಸ್ಲಿಯನ್ ಮಿಷನ್ ಶಾಲೆ, ಆಮೇಲೆ ಸೆಂಟ್ರಲ್ ಕಾಲೇಜು. ಖರ್ಚಿಗೆ ಒಂದು ಕೊಡಗಿನ ಮನೆತನದ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಮನೆಪಾಠ ಮಾಡಿ ಓದು ನಡೆಸಿದವರು ನಮ್ಮ ತರಗತಿಯಲ್ಲಿ ಅರ್ಧದಷ್ಟು ಜನ ಇದ್ದೇವೆ; ಈ ಭಾಗ ಓದುವಾಗ ಅವರು ನಮಗೆ ಹತ್ತಿರದವರಾಗುತ್ತಾರೆ.

ಅವರ ವಿದ್ಯಾರ್ಥಿ ದಿನಗಳಲ್ಲೇ 1876–78ರ ಧಾತು ವರ್ಷದ ಬರ ಬಂತು. ಇಲ್ಲಿ ಗಣಿತ ಶಿಕ್ಷಕರಿಗೆ ಒಂದು ಲೆಕ್ಕವಿದೆ. 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ 55 ಸಾವಿರ. 1881ರಲ್ಲಿ 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಎಂಟೂವರೆ ಲಕ್ಷಕ್ಕೂ ಹೆಚ್ಚು ಜನ ಇಲ್ಲವಾದರು, ಅಂದರೆ ಶೇಕಡಾ 17. ಇದನ್ನು ಆಲೇಖದಲ್ಲಿ ತೋರಿಸುವಾಗ ನನ್ನ ಮಕ್ಕಳಲ್ಲಿ ಕೆಲವರು ವೈ-ಅಕ್ಷವನ್ನು 40 ಲಕ್ಷದಿಂದ ಶುರು ಮಾಡಿದರು. ಎರಡನೇ ಸ್ತಂಭ ನೆಲಕ್ಕಂಟಿಕೊಂಡು ಸಂಸ್ಥಾನವೇ ಖಾಲಿಯಾದಂತೆ ಕಂಡಿತು. ಸೊನ್ನೆಯಿಂದ ಶುರು ಮಾಡಿದವರದು ಬೇರೆಯೇ ಚಿತ್ರ. ಪತ್ರಿಕೆಗಳಲ್ಲಿ ಜನಸಂಖ್ಯೆಯ ಗಾಬರಿ ಹುಟ್ಟಿಸುವ ಆಲೇಖಗಳನ್ನು ನೋಡಿದಾಗ ಮೊದಲು ಅಕ್ಷ ನೋಡಿ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗದು. ಆದರೆ ಶೇಕಡಾ 17 ಎಂಬುದು ಯಾವ ಅಕ್ಷದಲ್ಲೂ ಸಣ್ಣದಲ್ಲ. ಆ ಬರದ ಬೆಂಗಳೂರಿನಲ್ಲಿ ಓದುತ್ತಿದ್ದ ಹುಡುಗ ಮುಂದೆ ನೀರಿನ ಇಂಜಿನಿಯರ್ ಆದ.

1881ರಲ್ಲಿ ಬಿ.ಎ., ಬಳಿಕ ಮೈಸೂರು ಸರ್ಕಾರದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್. 1884ರಿಂದ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ. ಸಿಂಧ್‌ನ ಸಕ್ಕರ್ ಊರಿಗೆ ಸೋಸಿದ ಕುಡಿಯುವ ನೀರು, ಖಡಕ್‌ವಾಸ್ಲಾದ ತಾವಾಗಿ ತೆರೆದುಕೊಳ್ಳುವ ಬಾಗಿಲುಗಳು, ನೀರಾವರಿಯ ಬ್ಲಾಕ್ ಪದ್ಧತಿ, ಏಡನ್ನಿನ ಒಳಚರಂಡಿ ಯೋಜನೆ, 1908ರ ಮೂಸಿ ನದಿಯ ಪ್ರವಾಹದ ನಂತರ ಹೈದರಾಬಾದಿಗೆ ಜಲಾಶಯಗಳ ಸಲಹೆ. ಇವೆಲ್ಲ ಶಾಲಾ ಪುಸ್ತಕಗಳಲ್ಲಿವೆ, ವಿವರಕ್ಕೆ ಹೋಗುವುದಿಲ್ಲ. ನಡುವೆ 1898ರಲ್ಲಿ ಅವರು ಜಪಾನಿಗೆ ಹೋಗಿ ಬಂದದ್ದನ್ನು ಮಾತ್ರ ನೆನಪಿಟ್ಟುಕೊಳ್ಳಬೇಕು. ಶಾಲೆ ಮತ್ತು ಕಾರ್ಖಾನೆಗಳಿಂದ ಒಂದು ದೇಶ ಎಷ್ಟು ಬೇಗ ಮೇಲೇಳಬಹುದು ಎಂಬುದಕ್ಕೆ ಅವರ ಜೀವನವಿಡೀ ಜಪಾನ್ ಉದಾಹರಣೆಯಾಗಿತ್ತು. ಇಂದು ಜನನ ಪ್ರಮಾಣ ಕುಸಿದು ಜನಸಂಖ್ಯೆ ಇಳಿಯುತ್ತಿರುವ ದೇಶಗಳ ಹೆಸರು ಹೇಳಿದರೆ ಮೊದಲು ಬರುವುದೂ ಜಪಾನೇ.

1909ರ ಕೊನೆಗೆ ಮೈಸೂರಿನ ಮುಖ್ಯ ಇಂಜಿನಿಯರ್ ಆದರು. 1911ರಲ್ಲಿ ಕನ್ನಂಬಾಡಿಯ ಕೆಲಸ ಶುರುವಾಯಿತು, ಮೈಸೂರು ಆರ್ಥಿಕ ಸಮ್ಮೇಳನವೂ ಅದೇ ವರ್ಷ. ಕೃಷಿ, ಕೈಗಾರಿಕೆ, ಶಿಕ್ಷಣ ಎಂದು ಸಮಿತಿಗಳನ್ನು ಮಾಡಿ, ಅಂಕಿಅಂಶ ಕೂಡಿಸಿ, ಅಧಿಕಾರಿಗಳೂ ಅಧಿಕಾರಿಗಳಲ್ಲದವರೂ ಒಟ್ಟಿಗೆ ಕೂತು ಯೋಚಿಸಬೇಕೆಂಬುದು ಅದರ ಉದ್ದೇಶ. ಆಗಿನ ಕಾಲಕ್ಕೆ ಅದು ಹೊಸದು. 1912ರ ನವೆಂಬರಿನಲ್ಲಿ ದಿವಾನರಾದರು.

ಇಲ್ಲಿಗೆ ಮಲೆನಾಡು ಬರುತ್ತದೆ. ಬರದ ನಂತರ ಬಯಲುಸೀಮೆ ಚೇತರಿಸಿಕೊಂಡು ಬೆಳೆಯುತ್ತಿದ್ದಾಗ ಸಂಸ್ಥಾನದ ಪಶ್ಚಿಮ ಅಂಚಿನ ತಾಲ್ಲೂಕುಗಳಲ್ಲಿ ಜನ ಕಡಿಮೆಯಾಗುತ್ತಿದ್ದರು. ಶಿವಮೊಗ್ಗ ಜಿಲ್ಲೆಯಲ್ಲಿ 1901ರಲ್ಲಿ ಸುಮಾರು 5 ಲಕ್ಷ 31 ಸಾವಿರ ಜನರಿದ್ದರು. ಮುಂದಿನ ಎರಡು ಗಣತಿಗಳಲ್ಲೂ ಸಂಖ್ಯೆ ಅದಕ್ಕಿಂತ ಕೆಳಗೇ ಇತ್ತು. ನಗರ, ತೀರ್ಥಹಳ್ಳಿ, ಸಾಗರ, ಕೊಪ್ಪ, ಮೂಡಿಗೆರೆಯ ಕಡೆ ಸಾವು ಹುಟ್ಟನ್ನು ಮೀರಿತ್ತು. ಅಡಿಕೆ ತೋಟವಿದೆ, ಗದ್ದೆಯಿದೆ, ಮಳೆಗೆ ಕೊರತೆಯಿಲ್ಲ, ಆದರೆ ಮನೆಯಲ್ಲಿ ಮಕ್ಕಳಿಲ್ಲ. ಕಾಫಿ ತೋಟಕ್ಕೂ ಕೊಯ್ಲಿಗೂ ಘಟ್ಟದ ಕೆಳಗಿನಿಂದ ಆಳುಗಳು ಬರಬೇಕು, ಜ್ವರದ ಕಾಲಕ್ಕೆ ಮುಂಚೆ ಅವರು ಇಳಿದು ಹೋಗಬೇಕು.

ಕಾರಣ ಮುಖ್ಯವಾಗಿ ಮಲೇರಿಯಾ. ವಿಜ್ಞಾನದ ವಿದ್ಯಾರ್ಥಿಗಳಿಗೆ ಒಂದು ಅಡ್ಡಮಾತು: ಸೊಳ್ಳೆಯಿಂದ ಈ ರೋಗ ಹರಡುತ್ತದೆಂದು 1897ರಲ್ಲಿ ಸಿಕಂದರಾಬಾದಿನಲ್ಲಿ ತೋರಿಸಿಕೊಟ್ಟ ರೊನಾಲ್ಡ್ ರಾಸ್ ಅದಕ್ಕೂ ಮೊದಲು ನಮ್ಮ ಬೆಂಗಳೂರು ದಂಡಿನಲ್ಲಿ ವೈದ್ಯರಾಗಿದ್ದವರು, ಬಂಗಲೆಯ ನೀರಿನ ತೊಟ್ಟಿಯ ಬಳಿ ಸೊಳ್ಳೆ ಹೆಚ್ಚೆಂದು ಗಮನಿಸಿದ್ದು ಇಲ್ಲಿಯೇ. ಮಲೇರಿಯಾ ಸಾಯಿಸುವುದಷ್ಟೇ ಅಲ್ಲ. ಬಸುರಿಯರಲ್ಲಿ ರಕ್ತಹೀನತೆ, ಗರ್ಭಪಾತ, ಕಡಿಮೆ ತೂಕದ ಶಿಶು ಇವೆಲ್ಲ ಅದರ ಜೊತೆಗೇ ಬರುತ್ತವೆ. ಹುಟ್ಟು ಕಡಿಮೆ, ಹುಟ್ಟಿದ್ದು ಉಳಿಯುವುದು ಇನ್ನೂ ಕಡಿಮೆ. ಗುಲ್ಮ ಊದಿದ ಮಕ್ಕಳ ಹೊಟ್ಟೆ ಆಗಿನ ಮಲೆನಾಡಿನಲ್ಲಿ ಸಾಮಾನ್ಯ ದೃಶ್ಯ.

ದಿವಾನರು ಮಲೆನಾಡನ್ನು ಸುತ್ತಿ ಬಂದರು. 1914ರ ಸುಮಾರಿಗೆ ಮಲೆನಾಡು ಅಭಿವೃದ್ಧಿ ಯೋಜನೆ ಎಂಬ ಹೆಸರಿನಲ್ಲಿ ಪ್ರತ್ಯೇಕ ಹಣ ಇಟ್ಟು ಕೆಲಸ ಶುರುವಾಯಿತು. ಅದರಲ್ಲಿ ಇದ್ದದ್ದು ಕುಡಿಯುವ ನೀರಿನ ಬಾವಿ, ಊರ ಸುತ್ತಲಿನ ದಟ್ಟ ಪೊದೆ ಕಡಿಸುವುದು, ಔಷಧಾಲಯ, ರಸ್ತೆ. ಹೆಚ್ಚು ಮಕ್ಕಳನ್ನು ಹೆತ್ತವರಿಗೆ ಬಹುಮಾನ ಎಂಬ ಬಗೆಯದು ಇರಲಿಲ್ಲ. ಇದು ನನ್ನ ಗಮನ ಸೆಳೆಯಿತು. ಜನಸಂಖ್ಯೆ ಇಳಿಯುತ್ತಿದೆ ಎಂಬುದನ್ನು ಅವರು ರೋಗವೆಂದು ತೆಗೆದುಕೊಳ್ಳಲಿಲ್ಲ, ಲಕ್ಷಣವೆಂದು ತೆಗೆದುಕೊಂಡರು. ಸೋರುವ ಕೆರೆಗೆ ನೀರು ತುಂಬುವುದಕ್ಕಿಂತ ಏರಿಯ ತೂತು ಹುಡುಕುವ ಇಂಜಿನಿಯರ್ ಬುದ್ಧಿ ಇದು.

ಯೋಜನೆ ಗೆದ್ದಿತೇ? ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಬೇಗ ಗೆಲ್ಲಲಿಲ್ಲ. ಪೊದೆ ಕಡಿದರೆ ಮತ್ತೆ ಬೆಳೆಯುತ್ತದೆ. ಮಲೆನಾಡಿನ ಸೊಳ್ಳೆ ಪೊದೆಯಲ್ಲಲ್ಲ, ಹರಿಯುವ ತೊರೆಯ ಅಂಚಿನಲ್ಲಿ ಮೊಟ್ಟೆಯಿಡುತ್ತದೆ. ಇಂಥ ಸಂಗತಿಗಳನ್ನು ಸರಿಯಾಗಿ ತಿಳಿಯಲು 1920ರ ದಶಕದ ಕೊನೆಗೆ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮೂಡಿಗೆರೆ ಮುಂತಾದೆಡೆ ಮಲೇರಿಯಾ ಅಧ್ಯಯನ ಕೇಂದ್ರಗಳು ಬರಬೇಕಾಯಿತು, ರೋಗ ನಿಜವಾಗಿ ಹಿಮ್ಮೆಟ್ಟಲು ಎರಡನೇ ಮಹಾಯುದ್ಧದ ನಂತರದ ಡಿ.ಡಿ.ಟಿ. ಬೇಕಾಯಿತು. ಇನ್ನೊಂದು ಕಹಿ ಸಂಗತಿಯೂ ಇದೆ. ಕನ್ನಂಬಾಡಿಯ ನಾಲೆ ಹರಿದ ಮಂಡ್ಯದ ಬಯಲಿನಲ್ಲಿ ಮೊದಲ ವರ್ಷಗಳಲ್ಲಿ ಮಲೇರಿಯಾ ಹೆಚ್ಚಿತು. ಒಂದು ಕಡೆ ಜನರನ್ನು ಉಳಿಸಲು ಹೊರಟ ಸರ್ಕಾರದ ಇನ್ನೊಂದು ಕಾಮಗಾರಿಯೇ ಸೊಳ್ಳೆಗೆ ಮನೆ ಮಾಡಿಕೊಟ್ಟಿತು. ಇದನ್ನು ನಾನು ಪ್ರಾರ್ಥನಾ ಸಭೆಯಲ್ಲಿ ಹೇಳಲಿಲ್ಲ, ತರಗತಿಯಲ್ಲಿ ಹೇಳಿದೆ.

ದಿವಾನಗಿರಿಯ ಉಳಿದ ಕೆಲಸ ದೊಡ್ಡ ಪಟ್ಟಿ: 1913ರಲ್ಲಿ ಮೈಸೂರು ಬ್ಯಾಂಕ್, ಅದೇ ವರ್ಷ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, ಗಂಧದೆಣ್ಣೆ ಕಾರ್ಖಾನೆ. ಆರು ವರ್ಷಗಳಲ್ಲಿ ಶಾಲೆಗಳ ಸಂಖ್ಯೆ ಎರಡು ಪಟ್ಟಿಗೂ ಮೀರಿತು. ಶಿಕ್ಷಕರಾಗುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಹೆಣ್ಣುಮಕ್ಕಳು ಶಾಲೆಗೆ ಹೋದಷ್ಟೂ ತಡವಾಗಿ ಮದುವೆಯಾಗುತ್ತಾರೆ, ಕಡಿಮೆ ಮಕ್ಕಳನ್ನು ಹೆರುತ್ತಾರೆ. ಲೋಕದಲ್ಲಿ ಎಲ್ಲ ಕಡೆ ಕಂಡದ್ದು ಇದೇ. ಮಲೆನಾಡಿನಲ್ಲಿ ಜನ ಹೆಚ್ಚಲಿ ಎಂದ ದಿವಾನರೇ, ಮುಂದೆ ಹುಟ್ಟು ಕಡಿಮೆಯಾಗಲು ಕಾರಣವಾಗುವ ಶಾಲೆಗಳನ್ನೂ ತೆರೆದರು. ಇದರಲ್ಲಿ ವಿರೋಧವಿದೆಯೆಂದು ನನಗನ್ನಿಸುವುದಿಲ್ಲ.

ಸಭೆಯ ಭಾಷಣದ ಕರಡನ್ನು ನೋಡಿದ ನಮ್ಮ ಮಾರ್ಗದರ್ಶಿ ಉಪನ್ಯಾಸಕರು ಒಂದು ವಿಷಯ ಬಿಟ್ಟಿದ್ದೀಯೆಂದು ಅಂಚಿನಲ್ಲಿ ಗುರುತು ಹಾಕಿದ್ದರು. 1918ರಲ್ಲಿ ವಿಶ್ವೇಶ್ವರಯ್ಯನವರು ಅಧಿಕಾರ ಬಿಟ್ಟದ್ದೇಕೆ ಎಂಬುದು. ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣೇತರರಿಗೆ ಸಾಕಷ್ಟು ಪಾಲು ಸಿಗಬೇಕೆಂದು ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದರು. ಅರ್ಹತೆಯೊಂದೇ ಅಳತೆಯಾಗಬೇಕೆಂದು ನಂಬಿದ ದಿವಾನರಿಗೆ ಅದು ಒಪ್ಪಿಗೆಯಾಗಲಿಲ್ಲ; ಡಿಸೆಂಬರಿನಲ್ಲಿ ಹೊರಬಂದರು. ಎಲ್ಲರಿಗೂ ಒಂದೇ ಗೆರೆ ಎಳೆದರೆ ಹಿಂದಿನಿಂದ ಓಡಿ ಬರುವವರಿಗೆ ಅದು ಒಂದೇ ಗೆರೆಯಾಗಿರುವುದಿಲ್ಲ ಎಂಬುದನ್ನು ಅವರು ಕಾಣಲಿಲ್ಲ ಎಂದೇ ನನ್ನ ಅಭಿಪ್ರಾಯ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು ನಾನು, ಹಾಗಾಗಿ ಈ ಮಾತಿನಲ್ಲಿ ನಾನು ತಟಸ್ಥಳಲ್ಲ.

ಅವರು ಅಧಿಕಾರ ಬಿಟ್ಟ ವರ್ಷವೇ ಇನ್‌ಫ್ಲುಯೆಂಜಾ ಸಂಸ್ಥಾನವನ್ನು ಹೊಕ್ಕಿತು. 1911ರಲ್ಲಿ 58 ಲಕ್ಷವಿದ್ದ ಜನಸಂಖ್ಯೆ 1921ರಲ್ಲಿ 59 ಲಕ್ಷ 79 ಸಾವಿರ. ಹತ್ತು ವರ್ಷಕ್ಕೆ ಶೇಕಡಾ 3ರಷ್ಟು ಬೆಳವಣಿಗೆ.

1923ರಿಂದ ಆರು ವರ್ಷ ಅವರು ಭದ್ರಾವತಿಯ ಕಬ್ಬಿಣ ಕಾರ್ಖಾನೆಯನ್ನು ನಡೆಸಿದರು. ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಊರು ಅದು. ಕಾಡಿನ ಕಟ್ಟಿಗೆಯ ಇದ್ದಿಲಿನಿಂದ ಅದಿರು ಕರಗಿಸುವ ಆ ಕಾರ್ಖಾನೆ ನಷ್ಟದಲ್ಲಿದ್ದಾಗ ವಹಿಸಿಕೊಂಡು ನಿಲ್ಲಿಸಿದರು. ಬಾವಿ, ಔಷಧಾಲಯಗಳಿಂದ ಆಗದ ಒಂದು ಕೆಲಸ ಕೂಲಿಯಿಂದ ಆಯಿತು. ಮಲೆನಾಡಿನ ಅಂಚಿಗೆ ಜನ ತಾವಾಗಿ ಬಂದು ನೆಲೆಸಿದರು.

1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂಬ ಅವರ ಪುಸ್ತಕ ಬಂತು. ಹತ್ತು ವರ್ಷದಲ್ಲಿ ದೇಶದ ವರಮಾನ ಇಮ್ಮಡಿಯಾಗಬೇಕು, ಜನ ಹೊಲದಿಂದ ಕಾರ್ಖಾನೆಗೆ ಸಾಗಬೇಕು ಎಂಬುದು ಅದರ ಸಾರ. ಅದೇ 1934ರಲ್ಲಿ ಸ್ವೀಡನ್ನಿನಲ್ಲಿ ಆಲ್ವಾ ಮತ್ತು ಗುನ್ನಾರ್ ಮಿರ್ಡಾಲ್ ದಂಪತಿ ಇಳಿಯುತ್ತಿದ್ದ ಜನನ ಪ್ರಮಾಣದ ಬಗ್ಗೆಯೇ ಒಂದು ಪುಸ್ತಕ ಬರೆದರು. ಹೆಣ್ಣುಮಕ್ಕಳನ್ನು ಮನೆಗೆ ಅಟ್ಟುವುದರಿಂದ ಮಕ್ಕಳು ಹುಟ್ಟುವುದಿಲ್ಲ. ಮನೆ, ಹೆರಿಗೆಯ ನೆರವು, ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆಯನ್ನು ಸಮಾಜವೇ ಹೊರಬೇಕು ಎಂದು ಅವರ ವಾದ. ಮದುವೆ ಅಥವಾ ಬಸಿರಿನ ಕಾರಣಕ್ಕೆ ಹೆಂಗಸರನ್ನು ಕೆಲಸದಿಂದ ತೆಗೆಯುವಂತಿಲ್ಲ ಎಂಬ ಕಾನೂನು ಅಲ್ಲಿ 1939ರಲ್ಲೇ ಬಂತು. ಆಲ್ವಾ ಮುಂದೆ ಭಾರತಕ್ಕೆ ಸ್ವೀಡನ್ನಿನ ರಾಯಭಾರಿಯಾಗಿ ಬಂದವರು. ಇತ್ತ ಮೈಸೂರಿನ ಚಿಂತೆ ಆ ಹೊತ್ತಿಗೆ ತಿರುಗಿತ್ತು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ 1930ರಲ್ಲಿ ಸಂಸ್ಥಾನ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಿತು. ಸರ್ಕಾರವೇ ತೆರೆದಂಥವುಗಳಲ್ಲಿ ಅವು ಲೋಕದಲ್ಲೇ ಮೊದಲಿನವು. ಒಂದೇ ಸಂಸ್ಥಾನ, ಹದಿನಾರು ವರ್ಷಗಳ ಅಂತರದಲ್ಲಿ, ಒಮ್ಮೆ ಜನ ಸಾಲದೆಂದೂ ಒಮ್ಮೆ ಹೆಚ್ಚಾದರೆಂದೂ ಯೋಚಿಸಿತು.

ವಿಶ್ವೇಶ್ವರಯ್ಯನವರಿಗೆ 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ತಮ್ಮ ನೆನಪುಗಳ ಪುಸ್ತಕಕ್ಕೆ ದುಡಿಮೆಯ ಬದುಕಿನ ನೆನಪು ಎಂಬ ಅರ್ಥದ ಹೆಸರಿಟ್ಟವರು ಅವರು. ಮನೆಯೊಳಗಿನ ಬದುಕು ಅದರಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಇನ್ನು ಆ ಹುಡುಗಿಯ ಪ್ರಶ್ನೆ. ಮರುದಿನ ಹೋಗಿ ನಾನು ಮಲೆನಾಡಿನ ಕಥೆ ಹೇಳಿದೆ. ಆದರೆ ನಮ್ಮ ಹಲಗೆಯ ಮೇಲಿದ್ದ ಇಳಿಕೆ ಬೇರೆ ಬಗೆಯದು ಎಂದೂ ಹೇಳಬೇಕಾಯಿತು, ಇಲ್ಲದಿದ್ದರೆ ತಪ್ಪು ಕಲಿಸಿದಂತೆ. ಮಲೆನಾಡಿನವರಿಗೆ ಮಕ್ಕಳು ಬೇಕಿದ್ದವು, ಉಳಿಯಲಿಲ್ಲ. ಈಗ ಹುಟ್ಟಿದ ಮಗು ಉಳಿಯುತ್ತದೆ. ಎಷ್ಟು ಬೇಕೆಂದು ತಾಯಂದಿರು ತಾವೇ ಹೇಳಬಲ್ಲರು, ಅದು ಒಳ್ಳೆಯದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಟ್ಟು ಫಲವತ್ತತೆ ದರ 1.7, ದೇಶದ್ದು 2.0, ತಲೆಮಾರು ಸಮನಾಗಿ ಉಳಿಯಲು ಬೇಕಾದದ್ದು ಸುಮಾರು 2.1. ಇನ್ನೊಂದು ಮಗು ಬೇಕಿದ್ದೂ ಬೇಡವೆಂದವರು ಇದರಲ್ಲಿ ಎಷ್ಟೋ ಜನ ಇರಬೇಕು. ಮಕ್ಕಳೇ ಕಾರಣ ಹೇಳಿದರು. ಶಾಲೆಯ ಫೀಸು ಎಂದ ಒಬ್ಬ. ಒಂದು ಕೋಣೆಯ ಮನೆ ಎಂದ ಇನ್ನೊಬ್ಬ. ತನ್ನ ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ, ಪುಟ್ಟ ಮಗುವನ್ನು ನೋಡಿಕೊಳ್ಳಲು ಅಜ್ಜಿ ಊರಿನಿಂದ ಬರಲಿಲ್ಲ ಎಂದಳು ಮುಂದಿನ ಸಾಲಿನ ಅದೇ ಹುಡುಗಿ.

ಇಲ್ಲಿ ಕಾನೂನಿನ ಮಾತು ಬಂತು. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರವಾಗಿದೆ, 50 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಡೆ ಶಿಶುವಿಹಾರ ಇರಬೇಕು. ಆದರೆ ರಜೆಯ ಸಂಬಳ ಹಲವು ಕಡೆ ಮಾಲೀಕರ ಮೇಲೆ ಬೀಳುವುದರಿಂದ ಮದುವೆಯಾಗಲಿರುವ ಹುಡುಗಿಯನ್ನು ಕೆಲಸಕ್ಕೆ ತೆಗೆದುಕೊಳ್ಳಲು ಹಿಂಜರಿಯುವವರಿದ್ದಾರೆ. ನನ್ನ ಅಕ್ಕ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು. ಬಸುರಿ ಎಂದು ತಿಳಿದ ಮೇಲೆ ಮುಂದಿನ ವರ್ಷಕ್ಕೆ ಅವಳನ್ನು ಕರೆಯಲಿಲ್ಲ. ಎರಡನೆಯದರ ಮಾತೆತ್ತಿದರೆ ಅವಳು ಎದ್ದು ಹೋಗುತ್ತಾಳೆ. ಆ ಖರ್ಚನ್ನು ಎಲ್ಲರ ತೆರಿಗೆಯಿಂದ ಹೊರುವುದು, ನಗರದ ವಾರ್ಡುಗಳಲ್ಲೂ ಗ್ರಾಮ ಪಂಚಾಯಿತಿಯ ಕೂಸಿನ ಮನೆಯಂಥದ್ದನ್ನು ತೆರೆಯುವುದು, ಮಕ್ಕಳನ್ನು ನಂಬಿ ಕಳಿಸಬಹುದಾದ ಸರ್ಕಾರಿ ಶಾಲೆ ನಡೆಸುವುದು, ಇವು ಇಂದಿನ ಬಾವಿ ಮತ್ತು ಔಷಧಾಲಯ ಎಂದು ನಾನು ಹೇಳಿದೆ. ಇವನ್ನೆಲ್ಲ ಮಾಡಿದ ದೇಶಗಳಲ್ಲೂ ಜನನ ಪ್ರಮಾಣ 2.1ಕ್ಕೆ ಮರಳಿ ನಿಂತಿಲ್ಲ ಎಂದೂ ಹೇಳಿದೆ. ಹುಡುಗಿಗೆ ಅದು ಇಷ್ಟವಾಗಲಿಲ್ಲ. ಉತ್ತರವೆಂದರೆ ಪೂರ್ತಿ ಇರಬೇಕೆಂದು ಅವಳ ಮುಖ ಹೇಳುತ್ತಿತ್ತು.

ಹಿಂದಿನ ಬೆಂಚಿನ ಹುಡುಗನನ್ನು ಮಾತಾಡಿಸಲು ನನಗೆ ದಾರಿ ಸಿಕ್ಕಿದ್ದು ಬೇರೆ ಕಡೆಯಿಂದ. ವಿಶ್ವೇಶ್ವರಯ್ಯ ಎಂಬ ಹೆಸರನ್ನು ಎಲ್ಲೆಲ್ಲಿ ನೋಡಿದ್ದೀರಿ ಎಂದು ಕೇಳಿದಾಗ ಅವನ ಕೈ ಎಲ್ಲರಿಗಿಂತ ಮೊದಲು ಮೇಲೆದ್ದಿತು. ಬೈಯಪ್ಪನಹಳ್ಳಿಯ ರೈಲು ಟರ್ಮಿನಲ್! ನಮ್ಮ ಶಾಲೆಯಿಂದ ಅದು ದೂರವಿಲ್ಲ. ಅಪ್ಪ ಮೊದಲು ಬಂದಿಳಿದದ್ದು ಅಲ್ಲಿ, ಆಮೇಲೆ ಅಮ್ಮ ಮತ್ತು ತಾವೆಲ್ಲ ಇಳಿದದ್ದೂ ಅಲ್ಲೇ, ಪ್ಲಾಟ್‌ಫಾರ್ಮಿನಲ್ಲಿ ದೊಡ್ಡಕ್ಕ ಎಲ್ಲರ ತಲೆ ಎಣಿಸಿದಳು ಎಂದು ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಹೇಳಿದ. ಘಟ್ಟದ ಕೆಳಗಿನಿಂದ ಮಲೆನಾಡಿಗೆ ಬರುತ್ತಿದ್ದ ಆಳುಗಳ ವಿಷಯ ಆಗಷ್ಟೇ ಹೇಳಿದ್ದೆನಾದ್ದರಿಂದ ತರಗತಿಗೆ ನಾನು ಹೆಚ್ಚು ವಿವರಿಸಬೇಕಾಗಲಿಲ್ಲ. ಅವನ ಅಪ್ಪ ಹೆಣ್ಣೂರು ರಸ್ತೆಯ ಅಪಾರ್ಟ್‌ಮೆಂಟುಗಳಿಗೆ ಟೈಲ್ಸ್ ಕೂರಿಸುವವರು.

ನಕ್ಷೆ ಮುಗಿಸುವ ಕೆಲಸ ಅವನಿಗೇ ಕೊಟ್ಟೆ. ಐದು ಎಂಬಲ್ಲಿ ಒಂಟಿಯಾಗಿದ್ದ ತನ್ನ ಗೆರೆಯನ್ನು ಅವನು ಅಳಿಸುತ್ತಾನೇನೋ ಎಂದು ನಾನು ನೋಡುತ್ತಿದ್ದೆ. ಅಳಿಸಲಿಲ್ಲ. ಸ್ಕೇಲು ಹಿಡಿದು ಸ್ತಂಭವನ್ನು ನೆಟ್ಟಗೆ ಎಳೆದು, ಉಳಿದವರು ಬಿಟ್ಟಿದ್ದ ವೈ-ಅಕ್ಷದ ಸೊನ್ನೆಯನ್ನೂ ತಾನೇ ಬರೆದ.